ನಮ್ಮ ಪಾಲು ಮನೆಗೆ 2,400: ಹಿರಿಯೂರು ತಾಲೂಕಿನ ಒಂದೂರಿನ ನೀರಿನ ಲೆಕ್ಕ

ವಂತಿಗೆ ಪುಸ್ತಕ ಇನ್ನೂ ನನ್ನ ಹತ್ರಾನೇ ಇದೆ. ಕೆಂಪು ರಟ್ಟಿನ ಲಾಂಗ್ ಬುಕ್ಕು, ಅದರಲ್ಲಿ 256 ಮನೆಯವರ ಹೆಸರು, ಎದುರಿಗೆ ಎಷ್ಟು ಕಟ್ಟಿದ್ರು, ದುಡ್ಡು ಕೊಟ್ರಾ ಇಲ್ಲ ಆಳಾಗಿ ದುಡಿದ್ರಾ, ಕೊನೆಗೆ ಸಹಿ ಇಲ್ಲಾ ಹೆಬ್ಬೆಟ್ಟು. ನಾನು ಪಂಚಾಯ್ತಿ ಮಟ್ಟದ ಸಂಜೀವಿನಿ ಒಕ್ಕೂಟದಲ್ಲಿ ಲೆಕ್ಕ ಬರೆಯೋ ಕೆಲಸದಲ್ಲಿದ್ದೀನಿ, ಎಂಬಿಕೆ ಅಂತಾರಲ್ಲ ಅದು, ಹಂಗಾಗಿ ಊರಲ್ಲಿ ನೀರು ಸಮಿತಿ ಮಾಡಿದಾಗ ಲೆಕ್ಕ ನೀನೇ ಹಿಡ್ಕೊ ಅಂತ ಎಲ್ಲರೂ ನನ್ನ ತಲೆಗೇ ಕಟ್ಟಿದ್ರು. ಮನೆ ಮನೆಗೆ ನಲ್ಲಿ ನೀರು ಕೊಡೋ ಜಲ ಜೀವನ್ ಮಿಷನ್‌ನಲ್ಲಿ ಯಾರ ದುಡ್ಡು ಎಷ್ಟು, ಯಾವಾಗ ಬರಬೇಕಿತ್ತು, ಯಾವಾಗ ಬಂತು ಅನ್ನೋದನ್ನ ಒಂದೂರಿನ ಲೆಕ್ಕದಲ್ಲೇ ಪೂರ್ತಿ ಬರೆದಿಡೋಣ ಅಂತ ಕೂತಿದ್ದೀನಿ. ಊರಿನ ಹೆಸರು ಬರೆಯಲ್ಲ. ಇದರಲ್ಲಿ ಬರೋ ಸಾಹೇಬರು, ಗುತ್ತಿಗೆದಾರರು ಯಾರ ಹೆಸರನ್ನೂ ಬರೆಯಲ್ಲ.

ನಮ್ಮದು ಮೂರು ಜನವಸತಿ ಸೇರಿದ ಗ್ರಾಮ. ಊರು 148 ಮನೆ, ಗೊಲ್ಲರಹಟ್ಟಿ 62, ತಾಂಡ 46. ಮೂರೂ ಕಡೆ ನೀರು ಕೊಡ್ತಿದ್ದಿದ್ದು ಎರಡು ಬೋರು, ಎರಡೂ 600 ಅಡಿ ದಾಟಿದ್ದವು. 2016ರಿಂದ 18ರವರೆಗೆ ಮಳೆ ಕೈಕೊಟ್ಟಾಗ ನಮ್ಮ ತಾಲೂಕಲ್ಲಿ ಎಷ್ಟು ತೆಂಗು ಅಡಿಕೆ ಒಣಗ್ತು ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ, ಟ್ಯಾಂಕರ್ ನೀರು ಹೊಡ್ಸಿ ಹೊಡ್ಸಿ ಸಾಲ ಮಾಡ್ಕೊಂಡು ಕೊನೆಗೆ ಸುಳಿ ಬಿದ್ದ ಮರ ಕಡ್ದು ಹಾಕಿದೋರು ಎಷ್ಟು ಜನ. ನಮ್ಮ ಮಾವನೋರು ನೆಟ್ಟಿದ್ದ ತೆಂಗಿನ ಮರಗಳೂ ಅದರಲ್ಲೇ ಹೋದ್ವು. ಇನ್ನು ಕುಡಿಯೋ ನೀರು. ಬೋರು ಆಳಕ್ಕೆ ಹೋದಂಗೆ ನೀರಲ್ಲಿ ಫ್ಲೋರೈಡು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲಾನೇ ಇಲ್ಲ ಅಂದ್ರೆ 1.5ರವರೆಗೆ ಒಪ್ಪಬಹುದು ಅಂತ ನಿಯಮ. ಊರಿಗೆ ಐದು ಹೆಣ್ಮಕ್ಕಳಿಗೆ ನೀರು ಪರೀಕ್ಷೆ ಮಾಡೋ ಟ್ರೈನಿಂಗ್ ಕೊಟ್ಟು ಕಿಟ್ ಕೊಟ್ಟಿದ್ರು, ಅದರಲ್ಲಿ ನಾನೂ ಒಬ್ಬಳು, ಹಟ್ಟಿ ಬೋರಿನ ನೀರು ಹಾಕಿ ಬಣ್ಣದ ಚಾರ್ಟ್ ಹಿಡಿದು ನೋಡಿದ್ರೆ 2 ದಾಟಿತ್ತು. ಹಟ್ಟಿ ಮಕ್ಕಳ ಹಲ್ಲು ನೋಡಿದ್ರೆ ಕಿಟ್ ಬೇಕಾಗಿರಲಿಲ್ಲ, ಕಂದು ಪಟ್ಟೆ ಪಟ್ಟೆ. ಶಾಲೆಲಿ ನಗು ಅಂದ್ರೆ ಕೈ ಅಡ್ಡ ಇಟ್ಕೊಂಡು ನಗೋ ಹುಡುಗೀರು.

ಶುದ್ಧ ನೀರಿನ ಘಟಕ ಇತ್ತು, 5 ರೂಪಾಯಿ ಕಾಯಿನ್ ಹಾಕಿದ್ರೆ 20 ಲೀಟರ್ ಕ್ಯಾನು. ಊರಿನೋರಿಗೆ ಹತ್ರ, ಹಟ್ಟಿಯೋರಿಗೆ ಒಂದೂವರೆ ಕಿಲೋಮೀಟರ್. ಬೈಕ್ ಇದ್ದ ಮನೆಗೆ ಶುದ್ಧ ನೀರು, ಇಲ್ದಿರೋ ಮನೆಗೆ ಬೋರಿನ ನೀರು. ಅದೂ ಅಲ್ದೆ ಆರ್‌ಓ ಮಷಿನ್ ಒಂದು ಕ್ಯಾನ್ ಒಳ್ಳೆ ನೀರು ಕೊಡೋಕೆ ಅದಕ್ಕಿಂತ ಜಾಸ್ತಿ ನೀರನ್ನ ಚರಂಡಿಗೆ ಬಿಡ್ತಿತ್ತು, ನೀರೇ ಇಲ್ಲದ ಊರಲ್ಲಿ.

ಇಷ್ಟೆಲ್ಲಾ ಇರುವಾಗ ವಾಣಿ ವಿಲಾಸ ಸಾಗರ ಇರೋದು ನಮ್ಮ ತಾಲೂಕಲ್ಲೇ! 1898ರಲ್ಲಿ ಶುರು ಮಾಡಿ 1907ಕ್ಕೆ ಮುಗಿಸಿದ ಡ್ಯಾಂ, 30 ಟಿಎಂಸಿ ಹಿಡಿಯುತ್ತೆ, ಮಹಾರಾಣಿಯವರು ಒಡವೆ ಒತ್ತೆ ಇಟ್ಟು ಕಟ್ಟಿಸಿದ್ರು ಅಂತ ನಮ್ಮ ಕಡೆ ಹಿರೀಕರು ಈಗಲೂ ಹೇಳ್ತಾರೆ. ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು ಪಟ್ಟಣಗಳಿಗೆ ಅದರ ನೀರು ಹೋಗ್ತಿತ್ತು. ನಮ್ಮಂತ ಹಳ್ಳಿಗಳಿಗೆ ಬೋರೇ ಗತಿ. ಅದಕ್ಕೇ ಬೋರಿಗೆ ಬದಲಾಗಿ ಡ್ಯಾಂ ನೀರು ಕೊಡೋ ಬಹುಗ್ರಾಮ ಯೋಜನೆಲಿ ನಮ್ಮೂರು ಸೇರಿದೆ ಅಂದಾಗ ಯಾರಿಗೂ ಬೇಡ ಅನ್ನಿಸ್ಲಿಲ್ಲ. ದುಡ್ಡಿನ ಮಾತು ಬರೋವರೆಗೂ.

ಪಾಲು ಹೆಂಗಿತ್ತು

ಜಲ ಜೀವನ್ ಮಿಷನ್ 2019ರ ಆಗಸ್ಟ್ 15ಕ್ಕೆ ಘೋಷಣೆ ಆಗಿದ್ದು, ನಮ್ಮ ರಾಜ್ಯದಲ್ಲಿ ಮನೆ ಮನೆಗೆ ಗಂಗೆ ಅಂತ ಕರೆದ್ರು. ತಲೆಗೆ ದಿನಕ್ಕೆ 55 ಲೀಟರ್, ಪ್ರತಿ ಮನೆಗೂ ನಲ್ಲಿ. ಗುಡ್ಡಗಾಡು ಮತ್ತೆ ಈಶಾನ್ಯ ರಾಜ್ಯಗಳಿಗೆ ಕೇಂದ್ರ 100ಕ್ಕೆ 90 ಕೊಡುತ್ತೆ, ನಮ್ಮಂತ ರಾಜ್ಯಕ್ಕೆ ಅರ್ಧ ಅವರದ್ದು ಅರ್ಧ ನಮ್ಮ ಸರ್ಕಾರದ್ದು. ಡ್ಯಾಮಿಂದ ನೀರು ಎತ್ತೋದು, ಶುದ್ಧ ಮಾಡೋ ಪ್ಲಾಂಟು, ಊರಿನವರೆಗೆ ಬರೋ ದೊಡ್ಡ ಪೈಪು, ಇದಕ್ಕೆ ಊರಿನೋರು ಏನೂ ಕೊಡಬೇಕಿಲ್ಲ. ಊರೊಳಗಿನ ಕೆಲಸ ಇದೆಯಲ್ಲ, ಟ್ಯಾಂಕು, ಬೀದಿ ಪೈಪು, ಮನೆ ನಲ್ಲಿ, ಅದರ ಖರ್ಚಲ್ಲಿ 100ಕ್ಕೆ 10 ಊರಿನ ವಂತಿಗೆ. ಪರಿಶಿಷ್ಟ ಜಾತಿ ಪಂಗಡದವರು ಅರ್ಧಕ್ಕಿಂತ ಜಾಸ್ತಿ ಇರೋ ಗ್ರಾಮ ಆದ್ರೆ 5. ದುಡ್ಡಲ್ಲೇ ಕೊಡಬೇಕು ಅಂತೇನಿಲ್ಲ, ಸಾಮಾನಾಗಿ ಇಲ್ಲಾ ದುಡಿಮೆಯಾಗಿ ಕೊಡಬಹುದು ಅಂತ ಮಾರ್ಗಸೂಚಿಲೇ ಇದೆ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಇದರ ಮೇಲೇ ಮೂರು ತಿಂಗಳು ಜಗಳ ಆಯ್ತು.

ನಮ್ಮೂರೊಳಗಿನ ಕೆಲಸದ ಎಸ್ಟಿಮೇಟ್ 61 ಲಕ್ಷದ 44 ಸಾವಿರ. ಹತ್ತನೇ ಒಂದು ಭಾಗ ಅಂದ್ರೆ 6,14,400. 256 ಮನೆಗೆ ಹಂಚಿದ್ರೆ ಮನೆಗೆ 2,400.

ಗ್ರಾಮಸಭೇಲಿ ಈ ನಂಬರ್ ಓದಿದ ತಕ್ಷಣ ಗಲಾಟೆ. ಸರ್ಕಾರದ ನೀರಿಗೆ ನಾವ್ಯಾಕೆ ದುಡ್ಡು ಕೊಡಬೇಕು, ಓಟು ಕೇಳೋಕೆ ಬಂದಾಗ ಫ್ರೀ ಅಂದಿದ್ರಲ್ಲ ಅಂತ ಒಬ್ರು, ಕಟ್ಟಿದ ಮೇಲೆ ನೀರು ಬರದಿದ್ರೆ ಯಾರನ್ನ ಹಿಡ್ಕೊಳ್ಳೋದು ಅಂತ ಇನ್ನೊಬ್ರು. ಎರಡನೇ ಪ್ರಶ್ನೆ ಕೇಳಿದ್ದು ಹಟ್ಟಿಯ ಯಜಮಾನ್ರು, ಅವರಿಗೆ ಅವತ್ತು ಯಾರೂ ಉತ್ತರ ಕೊಡ್ಲಿಲ್ಲ, ನಾನೂ ಕೊಡ್ಲಿಲ್ಲ. ಇಷ್ಟು ವರ್ಷ ಆದಮೇಲೆ ಅನ್ನಿಸುತ್ತೆ, ಅವತ್ತು ಆ ಸಭೇಲಿ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ ಅಂತ.

ವಂತಿಗೆ ಎತ್ತಿದ್ದು

ನಾವು ಸಮಿತಿಯ ಹೆಣ್ಮಕ್ಕಳು (ಸಮಿತಿಲಿ ಅರ್ಧ ಹೆಂಗಸರು ಇರಲೇಬೇಕು) ಇಬ್ಬಿಬ್ರು ಜೊತೆಯಾಗಿ ಸಂಜೆ ಹೊತ್ತು ಮನೆ ಮನೆಗೆ ಹೋದ್ವಿ. ಭಾಷಣ ಮಾಡ್ಲಿಲ್ಲ. ನೋಡಕ್ಕ, ದಿನಕ್ಕೊಂದು ಕ್ಯಾನ್ ನೀರು ತರ್ತೀಯ, ತಿಂಗಳಿಗೆ 150, ವರ್ಷಕ್ಕೆ 1,800 ಆಯ್ತು, ಇದು ಒಂದೇ ಸಲ 2,400, ಒಂದೂವರೆ ವರ್ಷದ ಕ್ಯಾನಿನ ದುಡ್ಡೂ ಅಲ್ಲ, ಇಷ್ಟೇ ಹೇಳ್ತಿದ್ದಿದ್ದು. ಅಡುಗೆಮನೆ ಲೆಕ್ಕ ಹೆಂಗಸರಿಗೆ ಬೇಗ ಅರ್ಥ ಆಗುತ್ತೆ, ಗಂಡಸರು ಇನ್ನೂ ರಾಜಕೀಯ ಮಾತಾಡ್ತಿರೋವಾಗಲೇ ಒಳಗಿಂದ ಸಾಸಿವೆ ಡಬ್ಬೀಲಿಟ್ಟಿದ್ದ 500 ರೂಪಾಯಿ ಮೊದಲ ಕಂತು ಬಂದುಬಿಡ್ತಿತ್ತು. ಶೇಂಗಾ ಮಾರಿದ ಮೇಲೆ ಕೊಡ್ತೀವಿ ಅಂದೋರಿಗೆ ಟೈಮ್ ಕೊಟ್ವಿ. ಊರಿನ 148 ಮನೆಲಿ 3,55,200 ಪೂರ್ತಿ ಎತ್ತೋಕೆ ಏಳು ತಿಂಗಳು ಹಿಡೀತು.

ಹಟ್ಟಿಯೋರು ದುಡ್ಡು ಆಗಲ್ಲ ಅಂದ್ರು. ಕುರಿ ಸಾಕೋ ಜನ, ವರ್ಷದಲ್ಲಿ ಒಂದಿಷ್ಟು ತಿಂಗಳು ಗಂಡಸರು ಮಂದೆ ಹೊಡ್ಕೊಂಡು ಹೊರಗೇ ಇರ್ತಾರೆ. ಇವರು ಕಾಡುಗೊಲ್ಲರು, ಕಾಡುಗೊಲ್ಲರನ್ನ ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕು ಅನ್ನೋ ಬೇಡಿಕೆ ರಾಜ್ಯದಿಂದ ಹೋಗಿ ಎಷ್ಟೋ ವರ್ಷ ಆಗಿದೆ, ಪಟ್ಟಿಲಿ ಸೇರಿಲ್ಲ, ಹಂಗಾಗಿ 5ರ ಲೆಕ್ಕಕ್ಕೆ ಅವರು ಬರಲ್ಲ. ಯಜಮಾನ್ರು ಹೇಳಿದ್ದು, "ದುಡ್ಡು ಕೇಳ್ಬ್ಯಾಡ್ರಮ್ಮ, ಮೈಯಾಗೆ ಕಸುವೈತೆ, ಗುಂಡಿ ತೋಡ್ತೀವಿ, ಅದುನ್ನೇ ಬರ್ಕಳ್ಳಿ." ಉದ್ಯೋಗ ಖಾತ್ರಿ ಕೂಲಿ ಆ ವರ್ಷ, 2022-23, ದಿನಕ್ಕೆ 309 ರೂಪಾಯಿ. ಎಂಟು ದಿನಕ್ಕೆ 2,472. ಅಂದ್ರೆ ಮನೆಗೆ ಎಂಟಾಳು ದುಡಿದ್ರೆ ವಂತಿಗೆ ಮುಗಿದು 72 ರೂಪಾಯಿ ಅವರದ್ದೇ ಜಾಸ್ತಿ. 62 ಮನೆಗೆ 496 ಆಳು. ಬೀದಿ ಪೈಪಿಂದ ಮನೆವರೆಗಿನ ಗುಂಡಿ ಮನೆಗೆ ಸರಾಸರಿ 15 ಮೀಟರ್, ಎಲ್ಲಾ ಸೇರಿ ಒಂದು ಕಿಲೋಮೀಟರ್‌ಗೆ ಸ್ವಲ್ಪ ಕಮ್ಮಿ. ಗರಸು ನೆಲದಲ್ಲಿ ಒಂದಾಳು ಮೂರಡಿ ಆಳಕ್ಕೆ ದಿನಕ್ಕೆ ಎರಡು ಮೀಟರ್ ತೋಡಿದ್ರೆ ದೊಡ್ಡದು, ಹಂಗಾಗಿ ಲೆಕ್ಕ ಸರಿಯಾಗಿ ಕೂತ್ಕೊಳ್ತು.

ಇದಕ್ಕೆ ಇಂಜಿನಿಯರ್ ಸಾಹೇಬರು ಒಪ್ಪಲಿಲ್ಲ. ಬಿಲ್ಲಲ್ಲಿ ಗುಂಡಿ ತೋಡೋದು ಗುತ್ತಿಗೆದಾರನ ಐಟಂ, ನಿಮ್ಮ ಆಳಿನ ಲೆಕ್ಕ ಎಲ್ಲಿ ಎಂಟ್ರಿ ಮಾಡ್ಲಿ ಅಂದ್ರು. ಗುತ್ತಿಗೆದಾರನ ಕಡೆಯವರು, ಜೆಸಿಬಿಲಿ ಎರಡು ದಿನಕ್ಕೆ ಹೊಡ್ದಾಕ್ತೀವಿ ಆಳು ಯಾಕೆ ಅಂದ್ರು. ನಾವು ಮಾರ್ಗಸೂಚಿಯ ಆ ಪುಟ ಪ್ರಿಂಟ್ ತೆಗೆಸಿ ತಾಲೂಕು ಆಫೀಸಿಗೆ, ಜಿಲ್ಲೆಗೆ, ಮತ್ತೆ ತಾಲೂಕಿಗೆ ಓಡಾಡಿದ್ವಿ, ಪಿಡಿಓ ಮಾತ್ರ ನಮ್ಮ ಪರ ನಿಂತ್ರು, ಕೊನೆಗೆ ಹಟ್ಟಿಯ ಮನೆ ಲೈನಿನ ಗುಂಡಿ ಅಷ್ಟನ್ನ ಗುತ್ತಿಗೆದಾರನ ಬಿಲ್ಲಿಂದ ತೆಗೆದು ಸಮುದಾಯದ ದುಡಿಮೆ ಅಂತ ಬರ್ಕೊಂಡ್ರು, 1,48,800 ರೂಪಾಯಿಯದ್ದು. ಇದೊಂದು ಎಂಟ್ರಿಗೆ ಮೂರು ತಿಂಗಳು! ನಿಯಮದಲ್ಲಿ ಬಡವರಿಗೆ ಅಂತಲೇ ಒಂದು ಬಾಗಿಲು ಇಟ್ಟಿರ್ತಾರೆ, ಅದನ್ನ ತೆಗೆಯೋ ಕೀಲಿ ಮಾತ್ರ ಯಾರ ಹತ್ರಾನೂ ಇರಲ್ಲ. ಗುಂಡಿ ತೋಡಿದೋರಲ್ಲಿ ಮುಕ್ಕಾಲು ಪಾಲು ಹೆಂಗಸರೇ, ಗಂಡಸರು ಆಗ ಕುರಿ ಜೊತೆ ಹೊರಗಿದ್ರು.

ಇದೇ ಹೊತ್ತಲ್ಲಿ ಗುತ್ತಿಗೆದಾರನ ಕಡೆಯ ಹುಡುಗ ಒಬ್ಬ ನಮ್ಮನೆಗೆ ಬಂದ. ಅಕ್ಕ ನೀವ್ಯಾಕೆ ಹಿಂಗೆ ಬೀದಿ ಬೀದಿ ಸುತ್ತುತೀರ, ಬಾಕಿ ಎಷ್ಟೈತೆ ಹೇಳಿ, ನಾವೇ ಸಮಿತಿ ಅಕೌಂಟಿಗೆ ಕಟ್ಟಿ ರಸೀತಿ ಕೊಡ್ತೀವಿ, ಪಕ್ಕದೂರಲ್ಲೂ ಹಂಗೇ ಮಾಡಿದ್ದೀವಿ ಅಂದ. ತುಂಬಾ ಮರ್ಯಾದೆಯಿಂದಲೇ ಹೇಳಿದ. ಸಮಿತಿಲಿ ಇದರ ಬಗ್ಗೆ ಎರಡು ಸಲ ಸಭೆ ಆಯ್ತು, ಅರ್ಧ ಜನ ತಗೊಳ್ಳೋಣ ಅಂದ್ರು, ಅವರದ್ದೂ ತಪ್ಪಲ್ಲ, ತಾಂಡದ ದುಡ್ಡು ಇನ್ನೂ ಬಂದಿರಲಿಲ್ಲ, ನಮ್ಮ ಪಾಲು ಪೂರ್ತಿ ಕಟ್ಟದೆ ಕೆಲಸ ಮುಂದಕ್ಕೆ ಹೋಗಲ್ಲ ಅಂತ ನೋಟಿಸ್ ಬೇರೆ ಬಂದಿತ್ತು. ನಾನು ಬೇಡ ಅಂದೆ. ಅವನು ಕಟ್ಟಿದ ದುಡ್ಡನ್ನ ಅವನು ಕೆಲಸದಲ್ಲೇ ವಾಪಸ್ ತಗೋತಾನೆ, ಮೂರಡಿ ಪೈಪು ಒಂದಡಿಗೆ ಬರುತ್ತೆ, ಆಗ ಕೇಳೋಕೆ ನಮಗೆ ಬಾಯಿ ಇರಲ್ಲ ಅಂದೆ. ಒಂಬತ್ತು ಜನದಲ್ಲಿ... ಅಲ್ಲ, ಅವತ್ತು ಹನ್ನೊಂದು ಜನ ಬಂದಿದ್ರು, ಆರು ಜನ ನನ್ನ ಜೊತೆ ಕೈ ಎತ್ತಿದ್ರು.

ಪಕ್ಕದೂರಲ್ಲಿ ಆಗಿದ್ದೂ ಅದೇ. ಅಲ್ಲಿ ಪೈಪ್ ಎಷ್ಟು ಮೇಲಿತ್ತು ಅಂದ್ರೆ ಮೊದಲ ಮುಂಗಾರಿಗೆ ಟ್ರ್ಯಾಕ್ಟರ್ ನೇಗಿಲಿಗೇ ಸಿಕ್ಕಿ ಕಿತ್ಕೊಂಡು ಬಂತು. ನಮ್ಮಲ್ಲಿ ಹಟ್ಟಿಯ ಹೆಂಗಸರು ಒಂದು ಕೋಲಿಗೆ ಮೂರಡಿಗೆ ಸರಿಯಾಗಿ ಕೆಂಪು ದಾರ ಸುತ್ಕೊಂಡು, ಜೆಸಿಬಿ ತೋಡಿದ ಬೀದಿ ಗುಂಡಿಗೂ ಇಳಿಸಿ ಇಳಿಸಿ ನೋಡೋರು. ದಾರ ಮೇಲೆ ಕಂಡ್ರೆ ಪೈಪ್ ಇಳಿಸೋಕೆ ಬಿಡ್ತಿರಲಿಲ್ಲ. ತಾವು ಎಂಟು ದಿನ ಮೂರಡಿ ತೋಡಿ ಕೈ ಬೊಬ್ಬೆ ಬರ್ಸ್ಕೊಂಡಿದ್ರಲ್ಲ, ಮೆಷಿನ್ನೂ ಮೂರಡಿ ತೋಡ್ಲಿ ಅಂತ ಕೇಳೋಕೆ ಯಾರೂ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ವಂತಿಗೆ ಇರಬೇಕಾ ಬೇಡವಾ ಅಂತ ಯಾರಾದ್ರೂ ನನ್ನ ಕೇಳಿದ್ರೆ ನಾನು ಇರಬೇಕು ಅನ್ನೋದು ಈ ಕೋಲು ನೋಡಿದ ಮೇಲೆ. 61 ಲಕ್ಷದಲ್ಲಿ 6 ಲಕ್ಷ ಉಳಿಸೋದು ಸರ್ಕಾರಕ್ಕೆ ಏನೂ ಅಲ್ಲ. ಆದರೆ ಆ 6 ಲಕ್ಷ ನಿಜವಾಗಿ ಊರಿನ ಜೇಬಿಂದ, ಊರಿನ ಮೈಯಿಂದ ಬಂದಿರಬೇಕು.

ತಾಂಡದ 46 ಮನೆ

ಇದು ನನಗೆ ಈಗಲೂ ನೋವಾಗೋ ಭಾಗ. ತಾಂಡದಲ್ಲಿ ಎಲ್ಲರೂ ಲಂಬಾಣಿಗರು, ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿ. ತಾಂಡನ ಬೇರೆ ಅಂತ ನೋಡಿದ್ರೆ ಅಲ್ಲಿ 5ರ ಲೆಕ್ಕವೇ, ಮನೆಗೆ 1,200. ಆದರೆ ಲೆಕ್ಕ ಹಾಕಿದ್ದು ಕಂದಾಯ ಗ್ರಾಮಕ್ಕೆ, ಮೂರೂ ಸೇರಿಸಿದ್ರೆ ಪರಿಶಿಷ್ಟರು ಅರ್ಧ ದಾಟಲ್ಲ, ಹಂಗಾಗಿ ಅವರಿಗೂ 2,400. ಟ್ಯಾಂಕು ಅವರಿಗೆ ಬೇರೆ ಕಟ್ಟಿದ್ದಾರೆ, ಪೈಪ್ ಲೈನ್ ಬೇರೆ, ನಕ್ಷೆಲಿ ಬೇರೆ ಜನವಸತಿ ಅಂತಲೇ ಇದೆ, ದುಡ್ಡು ಕೇಳೋವಾಗ ಮಾತ್ರ ಎಲ್ಲಾ ಒಂದೇ ಗ್ರಾಮ. ಇದು ತಪ್ಪು. ಆವತ್ತೂ ಹೇಳಿದ್ದೆ, ಈಗಲೂ ಹೇಳ್ತೀನಿ. ಎಲ್ಲಿ ನೀರಿನ ಲೈನ್ ಬೇರೆ ಇದೆಯೋ ಅಲ್ಲಿ ವಂತಿಗೆ ಲೆಕ್ಕಾನೂ ಬೇರೆ ಆಗಬೇಕು.

ಮೇಲಾಗಿ ನಾವು ಎತ್ತೋಕೆ ಹೋಗಿದ್ದು ನವೆಂಬರ್‌ನಲ್ಲಿ, ಅರ್ಧ ಮನೆಗೆ ಬೀಗ, ಎಲ್ಲಾ ಕಾಫಿ ಸೀಮೆಗೆ ಕೆಲಸಕ್ಕೆ ಹೋಗಿದ್ರು. ಹಣ್ಣು ಕೊಯ್ಲು ಮುಗಿಸಿ ಬರೋದು ಮಾರ್ಚ್ ಆಗುತ್ತೆ, ನೋಟಿಸ್‌ನ ಕೊನೆ ದಿನಾಂಕ ಜನವರಿ ಕೊನೆ. ಸಮಿತಿಲಿ ಒಂದು ದಾರಿ ಹುಡುಕಿದ್ವಿ, ತಾಂಡದವರು 1,200 ಮಾತ್ರ ಕೊಡ್ಲಿ, ಉಳಿದ 55,200ನ ಊರಿನ ಜಾತ್ರೆ ಉಳಿಕೆ ದುಡ್ಡಲ್ಲಿ 30,000, ನಮ್ಮ ಸಂಘಗಳಿಂದ 25,200 ಹಾಕೋಣ ಅಂತ. ಈ ಸುದ್ದಿ ಹೇಳೋಕೆ ಹೋದಾಗ ತಾಂಡದ ಒಬ್ಬ ಯಾಡಿ (ಲಂಬಾಣಿ ಮಾತಲ್ಲಿ ತಾಯಿ), ಎಪ್ಪತ್ತು ದಾಟಿರಬಹುದು, ಕಟ್ಟೆ ಮೇಲೆ ಕೂತ್ಕೊಂಡೇ ಕೇಳಿಸ್ಕೊಂಡ್ರು. ಆಮೇಲೆ ಅಂದಿದ್ದು, "ಕಾನೂನ್ನಾಗೆ ನಮ್ಗೆ 1,200 ಅಂದ್ರೆ ಅಷ್ಟು ಕೊಡ್ತೀವಿ. ಕಾನೂನ್ನಾಗೆ 2,400 ಅಂದ್ರೆ ಅದೂ ಕೊಡ್ತೀವಿ. ಊರೋರು ಕೊಟ್ರು ಅಂತ ಮಾತ್ರ ಬ್ಯಾಡ. ನಾಳೆ ನಲ್ಲಿ ಮುಂದೆ ಬಿಂದಿಗೆ ಇಟ್ರೆ ಅದೇ ಮಾತು ಬರ್ತೈತೆ. ಸಾಲ ಅಂತ ಬರ್ಕೊ ಮಗಾ."

ಸಾಲ ಅಂತಲೇ ಬರ್ಕೊಂಡೆ. ಪುಸ್ತಕದಲ್ಲಿ ಆ 46 ಹೆಸರಿನ ಎದುರಿಗೆ ಎರಡು ಕಾಲಂ ಇದೆ. ಮಾರ್ಚ್‌ನಲ್ಲಿ ಅವರೆಲ್ಲಾ ಬಂದಮೇಲೆ ಮೊದಲನೇ ಕಾಲಂ ತುಂಬಿತು, ಎರಡನೆಯದು ಮುಂದಿನ ವರ್ಷದ ಸೀಜನ್ನಿಗೆ. ಒಂದು ಮನೆನೂ ಬಾಕಿ ಇಲ್ಲ. ಜಾತ್ರೆ ದುಡ್ಡು, ಸಂಘದ ದುಡ್ಡು ಎರಡೂ ವಾಪಸ್ ಹೋಯ್ತು.

ಕಾಯ್ದಿದ್ದು

2022ರ ಸೆಪ್ಟೆಂಬರ್‌ನಲ್ಲಿ ಡ್ಯಾಂ ಕೋಡಿ ಬಿತ್ತು, 130 ಅಡಿ, 1933 ಆದಮೇಲೆ ಅದೇ ಮೊದಲು, 89 ವರ್ಷ. ಜನ ಟ್ರ್ಯಾಕ್ಟರ್‌ನಲ್ಲಿ ಬುತ್ತಿ ಕಟ್ಕೊಂಡು ಹೋಗಿ ನೋಡ್ಕೊಂಡು ಬಂದ್ರು, ನಮ್ಮತ್ತೆ ನೀರಿಗೆ ಅರಿಶಿನ ಕುಂಕುಮ ಹಾಕಿ ಅತ್ತುಬಿಟ್ರು. ಊರೊಳಗಿನ ಪೈಪು, ನಲ್ಲಿ ಎಲ್ಲಾ 2023ರ ಏಪ್ರಿಲ್ ಹೊತ್ತಿಗೆ ಮುಗೀತು. ನಮ್ಮ ಪಾಲು ಪೂರ್ತಿ ಕಟ್ಟಾಗಿತ್ತು.

ಆ ವರ್ಷವೇ ಮಳೆ ಹೋಯ್ತು. 236 ತಾಲೂಕಲ್ಲಿ 223 ಬರ ಅಂತ ಸರ್ಕಾರ ಘೋಷಣೆ ಮಾಡಿದ ವರ್ಷ ಅದು. ನಮ್ಮ ಎರಡು ಬೋರಲ್ಲಿ ಒಂದು ನಿಂತೇ ಹೋಯ್ತು. ಡ್ಯಾಮಲ್ಲಿ ಮಾತ್ರ ಹಿಂದಿನ ವರ್ಷ ತುಂಬಿದ ನೀರು ಇನ್ನೂ ಧಾರಾಳ ಇತ್ತು. ಡ್ಯಾಮಲ್ಲಿ ನೀರಿದೆ, ಮನೆ ಮುಂದೆ ಹೊಸ ನಲ್ಲಿ ಇದೆ, ನಡುವೆ ನಾಲ್ಕು ಕಿಲೋಮೀಟರ್ ದೊಡ್ಡ ಪೈಪ್ ಹಾಕಿಲ್ಲ. ಹೈವೇ ಕೆಳಗೆ ಪೈಪ್ ತೂರಿಸೋಕೆ ಪರ್ಮಿಷನ್ ಬಂದಿಲ್ಲ ಅಂತ ಒಂದು ಸಲ, ಬಿಲ್ ಪಾಸಾಗಿಲ್ಲ ಗುತ್ತಿಗೆದಾರ ಕೆಲಸ ನಿಲ್ಸಿದ್ದಾನೆ ಅಂತ ಇನ್ನೊಂದು ಸಲ, ಕೇಂದ್ರದ ಕಂತು ಬಂದಿಲ್ಲ ಅಂತ ಮತ್ತೊಂದು ಸಲ. ಹೊಸ ಪೈಪಿಗೆ ಉಳಿದಿದ್ದ ಒಂದೇ ಬೋರಿನ ನೀರು ಜೋಡಿಸಿದ್ರು, ಹಂಗಾಗಿ ನಲ್ಲಿಲಿ ವಾರಕ್ಕೆ ಎರಡು ದಿನ ಅದೇ ಫ್ಲೋರೈಡ್ ನೀರು ಬರ್ತಿತ್ತು, ನಲ್ಲಿ ಕೊಟ್ಟಾಯ್ತು ಅಂತ ಲೆಕ್ಕಕ್ಕೂ ಸೇರ್ತು. 2024ರ ಬೇಸಿಗೇಲಿ ಟ್ಯಾಂಕರ್ ಬಂತು.

ಆಗ ಹಟ್ಟಿಯ ಯಜಮಾನ್ರು ಎದುರಿಗೆ ಸಿಕ್ಕಿದಾಗೆಲ್ಲಾ ನಾನು ತಲೆ ತಗ್ಗಿಸ್ತಿದ್ದೆ. ಅವರು ಒಂದು ಮಾತೂ ಅನ್ನಲಿಲ್ಲ. ಅಂದಿದ್ರೆ ಚೆನ್ನಾಗಿರ್ತಿತ್ತು.

ನನಗೆ ಸಿಟ್ಟು ಬಂದಿದ್ದು ಎಲ್ಲಿಗೆ ಅಂದ್ರೆ, ನಮ್ಮ ಪಾಲಿಗೆ ಕೊನೆ ದಿನಾಂಕ ಇತ್ತು, ನೋಟಿಸ್ ಇತ್ತು, ಕಟ್ಟದಿದ್ರೆ ಕೆಲಸ ನಿಲ್ಲುತ್ತೆ ಅನ್ನೋ ಮಾತಿತ್ತು. ಅವರ ಪಾಲಿಗೆ ಯಾವ ದಿನಾಂಕವೂ ಇರಲಿಲ್ಲ. ಕಾಫಿ ತೋಟದಿಂದ ಬರೋ ಕೂಲಿಯವರಿಗೆ ಎರಡು ತಿಂಗಳು ಟೈಮ್ ಕೊಡೋಕೆ ಆಗದ ಯೋಜನೆ ತಾನು ಎರಡು ವರ್ಷ ತಗೊಳ್ತು. ಪಾಲುದಾರಿಕೆ ಅಂದ್ರೆ ಇಬ್ಬರೂ ಒಬ್ಬರಿಗೊಬ್ಬರು ಮಾತು ಕೊಟ್ಟಿರೋದು ಅಲ್ವಾ? ಕೋರು, ಅಂದ್ರೆ ಪಾಲು, ಹಾಕ್ಕೊಂಡು ಹೊಲ ಮಾಡೋರನ್ನ ಕೇಳಿ, ಬಿತ್ತನೆ ಯಾರದ್ದು ಗೊಬ್ಬರ ಯಾರದ್ದು ಅಂತ ಮಾತ್ರ ಅಲ್ಲ, ಯಾವಾಗ ಅನ್ನೋದೂ ಮಾತಾಗಿರುತ್ತೆ, ಮಳೆ ಬಿದ್ದು ಹದ ಹೋದಮೇಲೆ ಬೀಜ ತಂದುಕೊಟ್ರೆ ಆ ಬೀಜ ಏನಕ್ಕೆ.

ಮೇಲೆ ಮೇಲೆ ನೋಡಿದ್ರೂ ಇದೇ ಕಥೆ. ಭದ್ರಾ ಮೇಲ್ದಂಡೆ ನಮ್ಮ ಜಿಲ್ಲೆಯ ದೊಡ್ಡ ಆಸೆ, ತುಂಗೆಯಿಂದ 17.40 ಟಿಎಂಸಿ ಭದ್ರೆಗೆ ಎತ್ತಿ, ಭದ್ರೆಯಿಂದ 29.90 ಟಿಎಂಸಿ ಅಜ್ಜಂಪುರದ ಹತ್ರ ಸುರಂಗದಲ್ಲಿ ದಾಟಿಸಿ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆಯ 2,25,515 ಹೆಕ್ಟೇರಿಗೆ ಹನಿ ನೀರಾವರಿ, 367 ಕೆರೆಗೆ ನೀರು. ಅಂದಾಜು 21,473 ಕೋಟಿ. ಕೇಂದ್ರ ತನ್ನ 2023-24ರ ಬಜೆಟ್‌ನಲ್ಲಿ ಇದಕ್ಕೆ 5,300 ಕೋಟಿ ಕೊಡ್ತೀವಿ ಅಂತ ಓದಿತು, ಹೆಚ್ಚುಕಮ್ಮಿ ಕಾಲು ಭಾಗ. ಆವತ್ತು ಟಿವಿ ಮುಂದೆ ನಮ್ಮನೆಲೂ ಎಲ್ಲರೂ ಖುಷಿಪಟ್ವಿ. ಆಮೇಲೆ ವರ್ಷ ಉರುಳಿದಂಗೆ ರಾಜ್ಯದವರು ಆ ದುಡ್ಡು ಬಿಡುಗಡೆ ಮಾಡಿ ಅಂತ ಪತ್ರ ಬರೆಯೋದು, ರೈತರು ಚಿತ್ರದುರ್ಗದಲ್ಲಿ ಧರಣಿ ಕೂರೋದು, ಅವರು ಇವರ ಮೇಲೆ ಇವರು ಅವರ ಮೇಲೆ. ಯಾವ ಪಕ್ಷದ ಪರವೂ ನಾನು ಹೇಳ್ತಿಲ್ಲ. ಊರಿಗೂ ಸರ್ಕಾರಕ್ಕೂ ನಡುವೆ ಆಗಿದ್ದು ರಾಜ್ಯಕ್ಕೂ ಕೇಂದ್ರಕ್ಕೂ ನಡುವೆ ಆಯ್ತು, ಪಾಲು ಎಷ್ಟು ಅಂತ ಬರೆದಿರುತ್ತೆ, ಯಾವಾಗ ಅಂತ ಬರೆದಿರಲ್ಲ, ಯಾವಾಗ ಅಂತ ಇಲ್ಲದಿದ್ರೆ ಎಷ್ಟು ಅನ್ನೋದಕ್ಕೂ ಬೆಲೆ ಇಲ್ಲ. ಜಲ ಜೀವನ್ ಮಿಷನ್ನೂ 2024ಕ್ಕೆ ಮುಗೀಬೇಕಿತ್ತು, 2025ರ ಬಜೆಟ್‌ನಲ್ಲಿ 2028ರವರೆಗೆ ಮುಂದಕ್ಕೆ ಹಾಕಿದ್ರು.

ನೀರು ಬಂದಮೇಲೆ

2025ರ ಜನವರಿಲಿ ಡ್ಯಾಂ ಮೂರನೇ ಸಲ ಕೋಡಿ ಬಿತ್ತು. ಶಿವರಾತ್ರಿಗೆ ಒಂದು ವಾರ ಇದೆ ಅನ್ನೋವಾಗ ನಮ್ಮ ಟ್ಯಾಂಕಿಗೆ ಡ್ಯಾಂ ನೀರು ಏರಿತು. ಕಿಟ್ ತಗೊಂಡು ಮೊದಲು ಹಟ್ಟಿಗೇ ಹೋದೆ. ಚಾರ್ಟಲ್ಲಿ 1ರ ಬಣ್ಣಕ್ಕೂ ಬರಲಿಲ್ಲ, ಅದಕ್ಕಿಂತ ಕೆಳಗೇ ನಿಂತ್ಕೊಳ್ತು.

ಈಗ ದಿನ ಬಿಟ್ಟು ದಿನ ನೀರು. ಹಟ್ಟಿ ಎತ್ತರದಲ್ಲಿರೋದ್ರಿಂದ ಪ್ರೆಶರ್ ಸಾಲ್ತಿರಲಿಲ್ಲ, ಮೊದಲು ಹಟ್ಟಿ ವಾಲ್ವ್ ಬಿಟ್ಟು ಒಂದು ಗಂಟೆ ಆದಮೇಲೆ ಊರಿಗೆ ಬಿಡೋದು ಅಂತ ನೀರುಗಂಟಿಗೆ ಹೇಳಿದ್ದೀವಿ, ಸದ್ಯಕ್ಕೆ ನಡೀತಿದೆ. ತಿಂಗಳಿಗೆ ಮನೆಗೆ 60 ರೂಪಾಯಿ ಎತ್ತುತ್ತೀವಿ.

ಕರೆಂಟಿನ ಬಗ್ಗೆ ಒಂದು ವಿಷಯ ಹೇಳಲೇಬೇಕು, ಯಾಕಂದ್ರೆ ಅಷ್ಟು ದೂರದಿಂದ ನೀರು ಎತ್ತೋಕೆ ಕರೆಂಟ್ ಎಷ್ಟು ತಿನ್ನುತ್ತೆ, ಬೋರೇ ಸಸ್ತಾ ಅಂತ ಪಂಚಾಯ್ತಿಲಿ ತುಂಬಾ ಜನ ಅಂದಿದ್ರು. ನನ್ನ ಮೈದುನ ಮೋಟರ್ ರಿಪೇರಿ ಮಾಡ್ತಾನೆ, ಇಬ್ರೂ ಕೂತು ಲೆಕ್ಕ ಹಾಕಿದ್ವಿ. 600 ಅಡಿ ಅಂದ್ರೆ 180 ಮೀಟರ್ ಕೆಳಗಿಂದ 1,000 ಲೀಟರ್ ಎತ್ತೋಕೆ ಏನೂ ನಷ್ಟ ಇಲ್ಲ ಅಂದ್ರೂ ಅರ್ಧ ಯೂನಿಟ್ ಬೇಕು, ನಮ್ಮ ಹಳೇ ಮೋಟರ್ 100ಕ್ಕೆ 40 ಕೆಲಸ ಮಾಡಿದ್ರೆ ಹೆಚ್ಚು, ಅಲ್ಲಿಗೆ 1.2 ಯೂನಿಟ್ ಆಯ್ತು. ದೊಡ್ಡ ಲೈನಲ್ಲಿ ಏರಿಳಿತ, ಪೈಪಿನ ತಿಕ್ಕಾಟ ಎಲ್ಲಾ ಸೇರಿ 90 ಮೀಟರ್ ಎತ್ತಿದಂಗೆ, ದೊಡ್ಡ ಪಂಪು 65 ಕೆಲಸ ಮಾಡುತ್ತೆ, 1,000 ಲೀಟರಿಗೆ 0.4 ಯೂನಿಟ್ ಒಳಗೇ. ಅಂದ್ರೆ ಮೂರನೇ ಒಂದು ಭಾಗ. ದೂರ ಇದೆ ಅಂತ ದುಬಾರಿ ಅಲ್ಲ, ಆಳ ಇದ್ರೆ ದುಬಾರಿ. ಶುದ್ಧ ಮಾಡೋ ಖರ್ಚು, ಅಲ್ಲಿನ ಸಿಬ್ಬಂದಿ ಸಂಬಳ ಬೇರೆ, ಅದನ್ನ ಬಿಟ್ಟು ಹೇಳ್ತಿದ್ದೀನಿ. ಗ್ರಾಮಸಭೇಲಿ ಈ ಲೆಕ್ಕ ಬೋರ್ಡ್ ಮೇಲೆ ಬರೆದಾಗ ಬೋರ್ ಸಸ್ತಾ ಅಂತಿದ್ದೋರು ಇನ್ನೊಂದು ಸಲ ಕೂಡಿಸಿ ನೋಡು ಅಂದ್ರು, ಕೂಡಿಸಿ ತೋರಿಸಿದೆ.

ಬಾಕಿ ಇರೋದು ಎರಡು. ಯೋಜನೆ ಮುಗಿಸಿದ ಊರಿಗೆ ಊರೊಳಗಿನ ಖರ್ಚಿನ 100ಕ್ಕೆ 10ರಷ್ಟನ್ನ ಪ್ರೋತ್ಸಾಹ ಅಂತ ಸಮಿತಿಗೆ ಕೊಡಬೇಕು, ಮುಂದೆ ಪಂಪೋ ಪೈಪೋ ಕೆಟ್ಟಾಗ ಕೈಯಲ್ಲಿ ಇರಲಿ ಅಂತ ಸುತ್ತುನಿಧಿ, ಮಾರ್ಗಸೂಚಿಲೇ ಇದೆ. ನಮ್ಮೂರಿಗೆ ಅದು 6,14,400, ಸರಿಯಾಗಿ ನಾವು ಕಟ್ಟಿದಷ್ಟೇ. ಬಂದಿಲ್ಲ. ಪಂಚಾಯ್ತಿಗೆ 2025-26ರವರೆಗೆ ಇದ್ದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ 100ಕ್ಕೆ 30 ಕುಡಿಯೋ ನೀರಿಗೆ, ಮಳೆ ನೀರು ಹಿಡಿಯೋಕೆ ಅಂತ ಕಟ್ಟಿಟ್ಟಿದ್ರು, ಅದರಲ್ಲೇ ಸುಧಾರಿಸ್ಕೊಳ್ಳಿ ಅಂತ ಬಾಯಲ್ಲಿ ಹೇಳಿದ್ರು, ಬರೆದು ಕೊಡಿ ಅಂದ್ರೆ ಕೊಡಲಿಲ್ಲ. ಇನ್ನೊಂದು ತಾಂಡದ್ದು. ತಾಂಡನ ಬೇರೆ ಘಟಕ ಅಂತ ತಗೊಂಡು 46 ಮನೆಗೆ ಹೆಚ್ಚಿಗೆ ಕಟ್ಟಿಸ್ಕೊಂಡ 1,200ನ ವಾಪಸ್ ಕೊಡಿ, ಕೊಡೋಕಾಗಲ್ಲ ಅಂದ್ರೆ ಅವರ ತಿಂಗಳ 60ರಲ್ಲಿ ವಜಾ ಮಾಡ್ಕೊಳ್ಳೋಕೆ ಒಪ್ಪಿಗೆ ಕೊಡಿ ಅಂತ ಗ್ರಾಮಸಭೇಲಿ ಠರಾವು ಮಾಡಿ ಕಳಿಸಿದ್ದೀವಿ. ವಜಾ ಆದ್ರೆ 20 ತಿಂಗಳಿಗೆ ಮುಗಿಯುತ್ತೆ. ಮೂರು ಪತ್ರ ಹೋಗಿದೆ, ಮೂರಕ್ಕೂ ಸ್ವೀಕೃತಿ ಸೀಲು ಹಾಕಿಸ್ಕೊಂಡು ಪುಸ್ತಕದ ಹಿಂದಿನ ರಟ್ಟಿಗೆ ಅಂಟಿಸಿಟ್ಟಿದ್ದೀನಿ. ಪುಸ್ತಕದಲ್ಲಿ ತಾಂಡದ ಪುಟಕ್ಕೆ ಮೂರನೇ ಕಾಲಂ ಎಳೆದಿದ್ದೀನಿ, ಇನ್ನೂ ಖಾಲಿ ಇದೆ.